ತಕ್ಕಡಿ ರಾಯರು

ತಕ್ಕಡಿ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆಧಾರ್ ಕಾರ್ಡು ಬಿಟ್ಟರೆ ಅದನ್ನು ಈಗ ಯಾರೂ ಬಳಸುವುದಿಲ್ಲ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ, ವಾಸ ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಯ ಮೊದಲ ಮಹಡಿ, ಹವ್ಯಾಸ ಮನೆ ನೋಡುವುದು. ಕೊಳ್ಳುವುದಲ್ಲ, ನೋಡುವುದು. ಬೆಂಗಳೂರಿನ ಯಾವ ಬೀದಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಬೀದಿಯ ಪಾಲಿಗೆ ಇವರು ಬಂದಿದ್ದಾರೆ.

ರಾಯರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆಯಿದೆ. ಎಡಗಡೆ ಕನಕಪುರ ರಸ್ತೆ, ಬಲಗಡೆ ಸರ್ಜಾಪುರ ರಸ್ತೆ. 2019ರ ಡಿಸೆಂಬರಿನಲ್ಲಿ ಮಗಳು ಹುಟ್ಟಿದಾಗ, ನಾಮಕರಣಕ್ಕೂ ಮುಂಚೆ ಈ ಹಾಳೆಗೆ ಹೆಸರಿಟ್ಟರಂತೆ. ಕೆಳಗೆ ಸಾಲುಸಾಲಾಗಿ ಚದರಡಿ ದರ, ಸುತ್ತಲಿನ ಶಾಲೆಗಳು, ಶಾಲೆಯ ಫೀಸು, ಆ ಫೀಸು ವರ್ಷಕ್ಕೆ ಏರುವ ಪ್ರಮಾಣ, ಆಫೀಸಿಗೆ ದೂರ, ಟ್ಯಾಂಕರ್ ನೀರಿನ ಖರ್ಚು, ಐದು ವರ್ಷ ಬಿಟ್ಟು ಮಾರಿದರೆ ಬರುವ ಬೆಲೆ, ಹತ್ತು ವರ್ಷ ಬಿಟ್ಟು ಮಾರಿದರೆ ಬರುವ ಬೆಲೆ. ‘ಇನ್ನೂ ಕೊಂಡೇ ಇಲ್ಲವಲ್ಲ ರಾಯರೇ, ಆಗಲೇ ಮಾರೋದಾ?’ ಎಂದು ಕೇಳಿದರೆ ‘ಎಕ್ಸಿಟ್ ಗೊತ್ತಿಲ್ದೆ ಎಂಟ್ರಿ ಮಾಡಬಾರ್ದು ಸಾರ್’ ಎನ್ನುತ್ತಾರೆ. ಹಾಳೆಯ ತಳದಲ್ಲಿ ‘ಮಗಳ ಇಷ್ಟ’ ಎಂಬ ಸಾಲೂ ಇದೆ. ಅದರ ಮುಂದಿನ ಎರಡೂ ಖಾನೆಗಳು ಖಾಲಿ.

ರಾಯರು ಹೀಗಾಗಲು ಕಾರಣ ಅವರ ತಂದೆಯವರು. ಎಂಬತ್ತರ ದಶಕದಲ್ಲಿ ಅವರಿಗೆ ಜೆ.ಪಿ. ನಗರದಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು ಒದಗಿ ಬಂದಿತ್ತು. ಹೋಗಿ ನೋಡಿಕೊಂಡು ಬಂದವರು ‘ಅಲ್ಲಿ ರಾತ್ರಿ ಹೊತ್ತು ನರಿ ಕೂಗ್ತವೆ, ಹೆಂಗಸರು ಮಕ್ಕಳು ಇರೋ ಜಾಗ ಅಲ್ಲ’ ಎಂದು ಬಿಟ್ಟುಕೊಟ್ಟರು. (ಹಳೇ ಬೆಂಗಳೂರಿನ ಪ್ರತಿ ಮನೆಯಲ್ಲೂ ಹೀಗೆ ಬಿಟ್ಟುಕೊಟ್ಟ ಸೈಟೊಂದಿದೆ. ಎಲ್ಲವನ್ನೂ ಸೇರಿಸಿದರೆ ಇನ್ನೊಂದು ಬೆಂಗಳೂರು ಕಟ್ಟಬಹುದು.) ಆ ಸೈಟಿನ ಇವತ್ತಿನ ಬೆಲೆ ಎಷ್ಟೆಂದು ರಾಯರು ಆಗಾಗ ವಿಚಾರಿಸಿ ತಂದೆಗೆ ಫೋನಿನಲ್ಲಿ ತಿಳಿಸುತ್ತಾರೆ. ಪಿಡಬ್ಲ್ಯುಡಿಯಿಂದ ನಿವೃತ್ತರಾಗಿ ಹಾಸನದಲ್ಲಿ ನೆಮ್ಮದಿಯಾಗಿರುವ ಆ ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು ‘ಆಯ್ತಪ್ಪ, ಮಗೂಗೆ ಮಗ್ಗಿ ಎಷ್ಟರ ತನಕ ಬರುತ್ತೆ?’ ಎನ್ನುತ್ತಾರೆ. ಮಗ್ಗಿಗೆ ಹಾಳೆಯಲ್ಲಿ ಸಾಲಿಲ್ಲ.

ಊರಾಚೆಗೆ ಮನೆ ಹುಡುಕುವುದು ಬೆಂಗಳೂರಿಗೆ ಹೊಸದೇನಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಗುಳೆ ಎದ್ದ ಮೇಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು. ಆಗಿನವರು ಜೀವ ಉಳಿದರೆ ಸಾಕೆಂದು ಹೊರಟರು. ಅವರ ಮರಿಮಕ್ಕಳು ಎಲ್‌ಕೆಜಿ ಸೀಟು ಸಿಕ್ಕರೆ ಸಾಕೆಂದು ಹೊರಟಿದ್ದಾರೆ. ಪ್ಲೇಗಾದರೆ ಒಂದಲ್ಲ ಒಂದು ದಿನ ಇಳಿಯುತ್ತಿತ್ತು.

ರಾಯರು ತೀರ್ಮಾನ ಮಾಡಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. ಹಲವು ಸಲ ಮಾಡಿದ್ದಾರೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಗೆ ನಿಂತಿದ್ದ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿದಾಗ ಕನಕಪುರ ರಸ್ತೆಯೇ ಸೈ ಎಂದರು. ಮೆಟ್ರೊ ಬಂತೆಂದು ರೇಟು ಏರಿತು. ಸ್ವಲ್ಪ ಇಳಿಯಲಿ ಎಂದು ಕಾದರು, ಅದು ಇಳಿಯಲಿಲ್ಲ. ಆಫೀಸಿಗೆ ಹತ್ತಿರ, ದೊಡ್ಡ ದೊಡ್ಡ ಶಾಲೆಗಳೆಲ್ಲ ಅಲ್ಲೇ ಇವೆ ಎಂದು ಸರ್ಜಾಪುರ ರಸ್ತೆಗೆ ವಾಲಿದರು. 2022ರ ಸೆಪ್ಟೆಂಬರಿನ ಮಳೆಗೆ ಆ ಕಡೆಯ ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ರಾಯರು ಅಂದೇ ರಾತ್ರಿ ಬಲಗಡೆಯ ಖಾನೆಗಳಿಗೆಲ್ಲ ಕೆಂಪು ಬಣ್ಣ ಬಳಿದರು. ನೀರು ಇಳಿದು ವಾರವಾದ ಮೇಲೆ ಕೆಂಪು ಅಳಿಸಿ ಹಳದಿ ಹಾಕಿದರು. ‘ಈಗ ಚೌಕಾಶಿ ಮಾಡೋಕೆ ಒಳ್ಳೇ ಟೈಮು ಸಾರ್’ ಎಂದರು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಬೇಸಿಗೆಯಲ್ಲಿ, ಮುಳುಗಿದ್ದ ಅದೇ ಬಡಾವಣೆಗಳವರು ಟ್ಯಾಂಕರಿಗೆ ಕಾಯುತ್ತಿದ್ದರು. ಮತ್ತೆ ಕೆಂಪು. ಅಕ್ಟೋಬರಿನಲ್ಲಿ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ಹಳದಿ. ಡಿಸೆಂಬರಿನಲ್ಲಿ ಹೆಬ್ಬಾಳದಿಂದ ಸರ್ಜಾಪುರಕ್ಕೆ ಸುಮಾರು 37 ಕಿಲೋಮೀಟರಿನ ಮೆಟ್ರೊ ಮಾರ್ಗಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು, ತಿಳಿಹಸಿರು. ಇತ್ತ ಕನಕಪುರ ರಸ್ತೆಗೆ ತುರಹಳ್ಳಿ ಕಾಡಿನ ಗಾಳಿ ಎಂದು ಹತ್ತು ಅಂಕ ಕೊಟ್ಟಿದ್ದರು. ಆ ಕಡೆ ಚಿರತೆ ಕಾಣಿಸಿತೆಂಬ ಸುದ್ದಿ ಬಂದಾಗ ಐದು ಕಳೆದರು. ಪೂರ್ತಿ ಯಾಕೆ ಕಳೆಯಲಿಲ್ಲ ಎಂದರೆ, ಬ್ರೋಷರಿನಲ್ಲಿ ‘ಪ್ರಕೃತಿಯ ಮಡಿಲಲ್ಲಿ’ ಎಂದು ಬರೆದಿದ್ದಾರಲ್ಲ, ಚಿರತೆಯೂ ಅದರಲ್ಲೇ ಬಂತು ಎಂದರು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯೇ ಬೆಂಗಳೂರು ದಕ್ಷಿಣ ಜಿಲ್ಲೆಯಾದಾಗ ಅವರ ಉತ್ಸಾಹ ನೋಡಬೇಕಿತ್ತು. ಕನಕಪುರವನ್ನೇ ಬೆಂಗಳೂರು ಮಾಡಿದ ಮೇಲೆ ಕನಕಪುರ ರಸ್ತೆ ಸಿಟಿಯ ನಟ್ಟನಡುವೆ ಬಂದಂತಾಯಿತು ಎಂಬುದು ಅವರ ಲೆಕ್ಕ.

ಭಾನುವಾರ ಬಂತೆಂದರೆ ಸೈಟ್ ವಿಸಿಟ್. ಜೊತೆಗೆ ನನ್ನಂಥ ನೆರೆಯವರೊಬ್ಬರು ಇರಬೇಕು, ‘ಸೆಕೆಂಡ್ ಒಪೀನಿಯನ್’ಗೆ. ರಾಯರ ಜೇಬಿನಲ್ಲಿ ಟೇಪು. ಮಾದರಿ ಫ್ಲಾಟಿನಲ್ಲಿ ಬಾಗಿಲುಗಳಿರುವುದಿಲ್ಲ, ಜಾಗ ದೊಡ್ಡದಾಗಿ ಕಾಣಲೆಂದು. ಗೋಡೆಗೆಲ್ಲ ಕನ್ನಡಿ. ಕನಕಪುರ ರಸ್ತೆಯ ಒಂದು ಮಾದರಿ ಫ್ಲಾಟಿನಲ್ಲಿ ರಾಯರು ಬೂಟು ಬಿಚ್ಚಿ ಮಾಸ್ಟರ್ ಬೆಡ್‌ರೂಮಿನ ಮಂಚದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು. ಮೊಣಕಾಲಿನಿಂದ ಕೆಳಗಿನ ಭಾಗ ಮಂಚದಾಚೆ ನಿಂತಿತು. ಟೈ ಕಟ್ಟಿದ ಹುಡುಗ ‘ಸಾರ್, ಅದು ಡಿಸ್‌ಪ್ಲೇಗೆ ಮಾಡಿಸಿದ್ದು, ಮಲಗೋಕಲ್ಲ’ ಎಂದು ಕಂಗಾಲಾದ. ರಾಯರು ಮಲಗಿದಲ್ಲಿಂದಲೇ ‘ಕಾರ್ಪೆಟ್ ಏರಿಯಾ ಎಷ್ಟು?’ ಎಂದು ಕೇಳಿದರು. ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿ ಲಿಫ್ಟು, ಮೆಟ್ಟಿಲು, ವಾಚ್‌ಮನ್ ನಿಲ್ಲುವ ಜಾಗಕ್ಕೂ ನಾವು ದುಡ್ಡು ಕೊಡುತ್ತೇವೆ ಎಂಬುದನ್ನು ನನಗೆ ಬಿಡಿಸಿ ಹೇಳಿದವರು ರಾಯರೇ. ಈ ಉಪಕಾರವನ್ನು ಮರೆಯಲಾರೆ.

ಸರ್ಜಾಪುರದ ಕಡೆ ಇನ್ನೊಂದು ತಮಾಷೆ. ದೊಮ್ಮಸಂದ್ರ ದಾಟಿದ ಮೇಲೆ ಒಂದು ಪ್ರಾಜೆಕ್ಟು. ಅದರ ನಕ್ಷೆಯಲ್ಲಿ ಪಕ್ಕದಲ್ಲೇ ಹಸಿರು ಚೌಕ ಬರೆದು ‘ಮುಂಬರುವ ಅಂತರರಾಷ್ಟ್ರೀಯ ಶಾಲೆ, 2 ನಿಮಿಷ’ ಎಂದು ಅಚ್ಚು ಹಾಕಿದ್ದರು. ರಾಯರು ನಡೆದೇ ಅಳೆಯೋಣ ಎಂದರು. ಎರಡು ನಿಮಿಷಕ್ಕೆ ಸಿಕ್ಕಿದ್ದು ರಾಗಿ ಹೊಲ, ಮೂಲೆಯಲ್ಲೊಂದು ತುಕ್ಕು ಹಿಡಿದ ಬೋರ್ಡು. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯನ್ನು ‘ಇಲ್ಲಿ ಸ್ಕೂಲು ಯಾವಾಗ ಬರುತ್ತಮ್ಮ?’ ಎಂದು ಕೇಳಿದರು.

‘ಇಸ್ಕೂಲಾ? ಬೋರ್ಡು ಬಂದೈತೆ ಸಾಮಿ. ಮಕ್ಕಳು ಯಾವೂ ಬಂದಿಲ್ಲ.’

ರಾಯರಿಗೆ ಸುಮ್ಮನಿರಲು ಆಗಲಿಲ್ಲ. ಇಲ್ಲಿ ಭೂಮಿ ಹೇಗೆ ನಡೀತಿದೆ ಎಂದು ವಿಚಾರಿಸಿದರು. ಅಜ್ಜಿ ಕುಡುಗೋಲು ಕೆಳಗಿಡದೆ ಗುಂಟೆಗೆ ಇಷ್ಟು ಎಂದು ಹೇಳಿದರು. ಎಕರೆಗೆ ನಲವತ್ತು ಗುಂಟೆ. ರಾಯರು ಮನಸ್ಸಿನಲ್ಲೇ ಗುಣಿಸಿದ್ದು ಅವರ ತುಟಿಯಲ್ಲಿ ಕಾಣಿಸಿತು. ‘ನಿಮ್ದು ಎಷ್ಟು ಎಕರೆ ಇದೆಯಮ್ಮ?’ ಎಂದರು. ಅಜ್ಜಿ ಕೈ ಚಾಚಿ ನೀಲಗಿರಿ ತೋಪಿನವರೆಗೆ ತೋರಿಸಿದರು. ಕಾರಿನಲ್ಲಿ ಇಬ್ಬಲೂರು ಬರುವವರೆಗೂ ರಾಯರು ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ಮಾತ್ರ ‘ಆಕೆ ಯಾವ ಸ್ಕೂಲಿಗೆ ಹೋಗಿದ್ದರು ಸಾರ್?’ ಎಂದರು.

ಶಾಲೆಯ ಮಾತಿಗೆ ಬಂದರೆ ಇದಕ್ಕಿಂತ ಗೋಜಲು. ಬಿಲ್ಡರು ಹೇಳುವುದು, ಪಕ್ಕದಲ್ಲಿ ಒಳ್ಳೆಯ ಶಾಲೆಯಿದೆ, ಅದಕ್ಕೇ ಚದರಡಿಗೆ ಇಷ್ಟು. ಶಾಲೆಯವರು ಕೇಳುವುದು, ನೀವು ಹತ್ತಿರದಲ್ಲಿ ಮನೆ ಮಾಡಿದ್ದೀರಾ, ಹಾಗಾದರೆ ನೋಡೋಣ. ಸೀಟು ಖಚಿತವಾಗದೆ ಫ್ಲಾಟಿಗೆ ಅಡ್ವಾನ್ಸ್ ಕೊಡಲು ರಾಯರಿಗೆ ಧೈರ್ಯವಿಲ್ಲ, ಫ್ಲಾಟಿಲ್ಲದೆ ಸೀಟಿನ ಖಾತರಿಯಿಲ್ಲ. ಇದರ ಮೇಲೆ ಸ್ಟೇಟೋ, ಸಿಬಿಎಸ್‌ಇಯೋ, ಐಸಿಎಸ್‌ಇಯೋ, ಐ.ಬಿ.ಯೋ ಎಂಬ ಚಿಂತೆ. ಐ.ಬಿ. ವಿಷಯ ಕೇಳಿ ಹಾಸನದ ಹಿರಿಯರು ‘ಮಂತ್ರಿಗಳು ಬಂದ್ರೆ ಉಳ್ಕೊಳ್ಳೋ ಬಂಗ್ಲೆ ಅಲ್ವೇನೋ ಅದು? ಅಲ್ಲಿ ಮಗೂಗೇನು ಕೆಲಸ?’ ಎಂದರು.

ಸರ್ಜಾಪುರ ರಸ್ತೆಯ ಒಂದು ಶಾಲೆಯಿಂದ ಕರೆ ಬಂತು. ಪ್ರವೇಶಕ್ಕೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಅದು ಇಂಟರ್‌ವ್ಯೂ ಅಲ್ಲ, ಬರೀ ‘ಇಂಟರಾಕ್ಷನ್’. ರಾಯರು ಇಸ್ತ್ರಿ ಮಾಡಿದ ಷರಟಿನಲ್ಲಿ, ಅವರ ಶ್ರೀಮತಿ ರೇಷ್ಮೆ ಸೀರೆಯಲ್ಲಿ, ಮಗು ಎರಡು ಜಡೆಯಲ್ಲಿ ಹೋಗಿ ಕೂತರು. ಮೇಡಂ ಮಗುವನ್ನು ‘ಪಪ್ಪಾ ಏನು ಮಾಡ್ತಾರೆ?’ ಎಂದು ಕೇಳಿದರು. ಮಗು ‘ಮನೆ ನೋಡ್ತಾರೆ’ ಎಂದಿತು. ಮೇಡಂ ಮುಖ ಅರಳಿಸಿಕೊಂಡು ‘ಓ, ಅಮ್ಮ ಆಫೀಸಿಗೆ ಹೋಗ್ತಾರಾ, ಪಪ್ಪ ಮನೆ ನೋಡ್ಕೊಳ್ತಾರಾ, ವೆರಿ ಮಾಡರ್ನ್!’ ಎಂದರು. ರಾಯರು ತಿದ್ದಲಿಲ್ಲ. ಸೀಟು ಸಿಕ್ಕಿತು. ಫೀಸಿನ ಹಾಳೆಯಲ್ಲಿ ಕುದುರೆ ಸವಾರಿಗೆ ಬೇರೆ, ಈಜಿಗೆ ಬೇರೆ, ಬಸ್ಸಿಗೆ ಬೇರೆ ಎಂದಿತ್ತು. ಕಟ್ಟಲು ಇನ್ನೂ ಹದಿನೈದು ದಿನ ಇದೆ, ಅಷ್ಟರಲ್ಲಿ ಕನಕಪುರ ರಸ್ತೆಯ ಶಾಲೆಯವರೂ ಕರೆಯಲಿ ಎಂದು ರಾಯರು ಕಾದರು. ಹದಿನಾರನೆಯ ದಿನ ಸೀಟು ಬೇರೆಯವರಿಗೆ ಹೋಯಿತು.

ಅದರ ಮುಂದಿನ ಸೋಮವಾರ ಅವರ ಶ್ರೀಮತಿ ರಾಯರಿಗೆ ಹೇಳದೆ ಮಗುವನ್ನು ಕೈ ಹಿಡಿದು ಕರೆದುಕೊಂಡು ಹೋಗಿ ನಮ್ಮ ಬೀದಿಯ ಹಿಂದಿನ ಶಾಲೆಯ ಎಲ್‌ಕೆಜಿಗೆ ಸೇರಿಸಿ ಬಂದರು. ಸಂಜೆ ರಾಯರು ‘ಯಾವ ಮಾನದಂಡದ ಮೇಲೆ ಆರಿಸಿದೆ?’ ಎಂದು ಕೇಳಿದ್ದಕ್ಕೆ ಆಕೆ ‘ಬಾಗಿಲು ತೆಗೆದಿತ್ತು ಕಣ್ರೀ’ ಎಂದರು. ರಾಯರು ಅದನ್ನು ಹಾಳೆಯಲ್ಲಿ ‘ತಾತ್ಕಾಲಿಕ ವ್ಯವಸ್ಥೆ’ ಎಂದು ನಮೂದಿಸಿದರು.

ಆ ತಾತ್ಕಾಲಿಕ ವ್ಯವಸ್ಥೆಯಲ್ಲಿ ಮಗು ಎಲ್‌ಕೆಜಿ ಮುಗಿಸಿತು, ಯುಕೆಜಿ ಮುಗಿಸಿತು. ಜೂನ್ 1ಕ್ಕೆ ಆರು ವರ್ಷ ತುಂಬಿರದಿದ್ದರೆ ಒಂದನೇ ತರಗತಿಗೆ ಸೇರಿಸುವಂತಿಲ್ಲ ಎಂಬ ಆದೇಶವಿತ್ತು. ರಾಯರಿಗೆ ಅದು ವರವಾಗಿ ಕಂಡಿತು, ತೀರ್ಮಾನಕ್ಕೆ ಇನ್ನೊಂದು ವರ್ಷ ಸಿಕ್ಕಿತಲ್ಲ. 2025ರ ಏಪ್ರಿಲಿನಲ್ಲಿ ಸರ್ಕಾರ ಆ ಒಂದು ಸಾಲಿನ ಮಟ್ಟಿಗೆ ಐದು ವರ್ಷ ಐದು ತಿಂಗಳು ಆಗಿದ್ದರೆ ಸಾಕು ಎಂದು ಸಡಿಲಿಸಿತು. ರಾಜ್ಯದ ತಾಯಿತಂದೆಯರೆಲ್ಲ ನಿಟ್ಟುಸಿರು ಬಿಟ್ಟ ಆ ದಿನ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದವರು ನಮ್ಮ ರಾಯರೊಬ್ಬರೇ. ಮಗು ಒಂದನೇ ತರಗತಿಗೂ ಅಲ್ಲೇ ಹೋಯಿತು. ಬೆಳಿಗ್ಗೆ ಗಂಟೆ ಬಾರಿಸಿದ್ದು ಕೇಳಿಸಿದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆಗೆ ಸೇರಿಕೊಳ್ಳಬಹುದಾದಷ್ಟು ದೂರ. ಹನ್ನೆರಡರ ಮಗ್ಗಿ ಬರುತ್ತದೆ. ಈ ಸುದ್ದಿಯನ್ನು ಹಾಸನಕ್ಕೆ ತಿಳಿಸಿದವರು ಶ್ರೀಮತಿಯವರು.

ಈ ನಡುವೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿಸಿದರೆ ಬೆಂಗಳೂರಿನಲ್ಲಿ ಶೇ 7.6. ರಾಯರು ನೋಡಿಟ್ಟಿದ್ದ ಫ್ಲಾಟಿನ ಬೆಲೆ ಒಂದೂವರೆ ಕೋಟಿ. ಒಂದು ದಿನ ಮೊದಲು ನೋಂದಣಿ ಮಾಡಿಸಿದ್ದರೆ ಒಂದೂವರೆ ಲಕ್ಷ ಉಳಿಯುತ್ತಿತ್ತು. ನಾನು ಈ ಲೆಕ್ಕ ಹೇಳಿ ಸಮಾಧಾನ ಮಾಡಲು ಹೋದೆ. ರಾಯರು ನಕ್ಕು, ‘ನೀವು ತಪ್ಪು ಲೆಕ್ಕ ಹಾಕ್ತಿದ್ದೀರಿ ಸಾರ್. ಕೊಂಡೇ ಇಲ್ಲವಲ್ಲ, ಪೂರ್ತಿ ಹನ್ನೊಂದು ಲಕ್ಷದ ನಲವತ್ತು ಸಾವಿರ ಉಳೀತು’ ಎಂದರು.

ಕಳೆದ ವಾರ ಹಾಳೆಯಲ್ಲಿ ಮೂರನೆಯ ಕಾಲಂ ಕಾಣಿಸಿಕೊಂಡಿದೆ. ದೇವನಹಳ್ಳಿ. ವಿಮಾನ ನಿಲ್ದಾಣ ಹತ್ತಿರ, ಶಾಲೆಗಳು ಬರುತ್ತಿವೆ, ಬೆಲೆ ಇನ್ನೂ ಏರುವುದಿದೆ ಎನ್ನುತ್ತಾರೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡುವುದಂತೆ, ದಾರಿಯಲ್ಲಿ ತಿಂಡಿ ಅವರದೇ ಖರ್ಚು, ಕಾರಿನಲ್ಲಿ ಒಂದು ಸೀಟು ಖಾಲಿಯಿದೆ. ಓದುಗರಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ಶನಿವಾರ ಸಂಜೆಯೊಳಗೆ ದಯವಿಟ್ಟು ಬಂದು ಆ ಸೀಟು ಹಿಡಿಯಿರಿ. ಇಲ್ಲವಾದರೆ ಅದರಲ್ಲಿ ನಾನು ಕೂರಬೇಕಾಗುತ್ತದೆ.