ಸೋಪಾನದ ತೋಟವೂ ಸೈಕಲ್ಲೂ: ಮನೆಯ ನಕ್ಷೆ ಬರೆಯುವ ಮಹನೀಯರಿಗೊಂದು ಬಹಿರಂಗ ಪತ್ರ

ಗುಡ್ಡದ ಊರುಗಳಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಮಹನೀಯರ ಸನ್ನಿಧಿಗೆ ಮಡಿಕೇರಿಯ ಒಬ್ಬ ಸೈಕಲ್ ಸವಾರನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸಾಷ್ಟಾಂಗವೆಂದುದನ್ನು ಬರಿಯ ಉಪಚಾರದ ಮಾತೆಂದು ತಾವು ಎಣಿಸಬಾರದು. ತಾವು ಕಲ್ಪಿಸಿಕೊಟ್ಟ ಮೆಟ್ಟಿಲುಗಳ ಮೇಲೆ ಆಷಾಢದ ಪಾಚಿ ಹಬ್ಬಿರುವಾಗ ಹೆಗಲ ಮೇಲೆ ಸೈಕಲ್ಲನ್ನು ಹೊತ್ತು ಏರುವವನಿಗೆ ಎಂಟು ಅಂಗಗಳನ್ನೂ ನೆಲಕ್ಕೆ ತಾಗಿಸುವ ಸುಯೋಗ ಯಾವ ಭಕ್ತಿಯ ಪ್ರೇರಣೆಯೂ ಇಲ್ಲದೆ ತಾನಾಗಿಯೇ ಒದಗಿಬರುತ್ತದೆ.

ಮೊದಲು ತಮ್ಮ ಕೌಶಲವನ್ನು ಕೊಂಡಾಡದೆ ದೂರಿಗೆ ತೊಡಗಿದರೆ ಕೃತಘ್ನತೆಯಾದೀತು. ಸಮುದ್ರಮಟ್ಟದಿಂದ 1,100 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಸಮತಲವೆಂಬುದೇ ಒಂದು ವೈಭವವಾಗಿರಲು, ತಾವು ರಸ್ತೆಯಂಚಿನ ಬರೆಯೆಂಬ ಮಣ್ಣಿನ ದಿಬ್ಬವನ್ನು ಕಡಿದು, ಕಲ್ಲಿನ ತಡೆಗೋಡೆಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ, ಅವುಗಳ ನಡುವಣ ಮಣ್ಣಿನ ಪಟ್ಟಿಗಳಲ್ಲಿ ಡೇಲಿಯಾ, ಹೈಡ್ರೇಂಜಿಯಾ, ಆಂಥೂರಿಯಂಗಳಿಗೆ ನೆಲೆ ಕಲ್ಪಿಸಿ, ಇವೆಲ್ಲದರ ಶಿಖರದಲ್ಲಿ ಮನೆಯನ್ನು ಪ್ರತಿಷ್ಠಾಪಿಸುವ ರೀತಿ ನೋಡತಕ್ಕದ್ದೇ ಸರಿ. ರಾಜಾಸೀಟಿನತ್ತ ಹೊರಟ ಪ್ರವಾಸಿಗರು ಅರ್ಧದಾರಿಯಲ್ಲಿ ನಿಂತು ನಮ್ಮ ಮುಂದೋಟದ ಚಿತ್ರ ತೆಗೆದುಕೊಂಡು ಹೋಗುವುದುಂಟು. ಆ ಚಿತ್ರದ ಕೆಳಮೂಲೆಯಲ್ಲಿ ಗೇಟಿನ ಸರಳಿಗೆ ಒರಗಿಸಿದ, ಹಳೆಯ ಗೊಬ್ಬರದ ಚೀಲ ಹೊದ್ದು ನಿಂತ ಆಕೃತಿಯೊಂದು ಕಂಡರೆ ಅದನ್ನು ಬೆದರುಬೊಂಬೆಯೆಂದು ತಿಳಿಯಬಾರದು. ಅದು ನನ್ನ ಸೈಕಲ್ಲು.

ತಮ್ಮ ನಕ್ಷೆಯನ್ನು ನಾನು ಭಕ್ತಿಯಿಂದ ಪಾರಾಯಣ ಮಾಡಿದವನು. ಅದರಲ್ಲಿ ದೇವರಿಗೆ ಈಶಾನ್ಯದಲ್ಲಿ ಕೋಣೆಯುಂಟು, ಒಲೆಗೆ ಆಗ್ನೇಯವುಂಟು, ಚಪ್ಪಲಿಗೆ ಗೂಡುಂಟು, ನಾಯಿಗೆ ಮನೆಯುಂಟು. ಕಾರಿನ ಸಂಗತಿಯನ್ನಂತೂ ಹೇಳುವುದೇ ಬೇಡ: ರಸ್ತೆಯ ಮಟ್ಟದಲ್ಲಿಯೇ ಗುಡ್ಡದ ಉದರವನ್ನು ಬಗೆದು, ಕಾಂಕ್ರೀಟಿನ ಚಾವಣಿ ಹೊದಿಸಿ, ಉರುಳುಬಾಗಿಲನ್ನಿಟ್ಟು, ಪೂರ್ವಕಾಲದ ತಪಸ್ವಿಗಳಿಗೂ ದೊರೆಯದಂತಹ ಬೆಚ್ಚನೆಯ ಗುಹೆಯೊಂದನ್ನು ಅದಕ್ಕೆ ಸಮರ್ಪಿಸಿದ್ದೀರಿ. ಆನೆ ನಡೆದದ್ದೇ ದಾರಿಯೆಂಬುದು ಲೋಕಸಿದ್ಧವಾದುದರಿಂದ ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಯಾವ ಬೆಟ್ಟವನ್ನಾದರೂ ತನ್ನ ಸ್ವಂತ ಬಲದಿಂದ ಏರಬಲ್ಲ ಯಂತ್ರಕ್ಕೆ ಕೆಳಗೆ ಸ್ಥಾನವನ್ನೂ, ಒಡೆಯನ ಕಾಲಿನ ಹೊರತು ಬೇರೆ ಬಲವಿಲ್ಲದ ಯಂತ್ರಕ್ಕೆ ಶಿಖರದಲ್ಲಿ ಸ್ಥಾನವನ್ನೂ ವಿಧಿಸಿದ ತಮ್ಮ ನ್ಯಾಯದ ಮರ್ಮ ಮಾತ್ರ ಈವರೆಗೆ ನನಗೆ ಹೊಳೆದಿಲ್ಲ.

ಸೈಕಲ್ಲನ್ನು ಶಿಖರಕ್ಕೆ ಒಯ್ಯುವ ಕ್ರಮವನ್ನು ತಾವು ಕಂಡಿರಲಾರಿರಿ, ವಿವರಿಸುತ್ತೇನೆ. ನಮ್ಮ ದೇಶದ ಸಾಂಪ್ರದಾಯಿಕ ಸೈಕಲ್ಲು, ಹಿಂಬದಿಯ ಕ್ಯಾರಿಯರನ್ನೂ ಸ್ಟ್ಯಾಂಡನ್ನೂ ಸೇರಿಸಿದರೆ, ಸುಮಾರು 20 ಕಿಲೊ ತೂಗುತ್ತದೆ. ಅದರ ನಡುದಂಡದ ಕೆಳಗೆ ಬಲಹೆಗಲನ್ನು ತೂರಿಸಿ ಮೇಲೆದ್ದೊಡನೆ ಮುಂದಿನ ಚಕ್ರವು ತನ್ನ ಸ್ವಾತಂತ್ರ್ಯವನ್ನು ಘೋಷಿಸಿ, ಹ್ಯಾಂಡಲ್ಲನ್ನು ಹೊತ್ತವನ ದವಡೆಯತ್ತ ತಿರುಗಿಸುತ್ತದೆ. ಅದನ್ನು ಎಡಗೈಯಿಂದ ಸಂತೈಸಿ ಮೊದಲ ಹೆಜ್ಜೆಯಿಡುವಷ್ಟರಲ್ಲಿ ಪೆಡಲು ಒಂದು ಅರೆಸುತ್ತು ತಿರುಗಿ ಮೊಣಕಾಲಿನ ಕೆಳಗಣ ಎಲುಬನ್ನು ಅರಸಿಕೊಂಡು ಬರುತ್ತದೆ. ಚೈನಿನ ಗ್ರೀಸು ಪಂಚೆಯ ಮೇಲೆ ಬರೆಯುವ ಕಪ್ಪು ಲಿಪಿಯನ್ನು ಯಾವ ಸಾಬೂನೂ ಅಳಿಸದು. ಇಷ್ಟಾದರೂ ನೇರವಾದ ಮೆಟ್ಟಿಲುಗಳು ಸಹ್ಯವೆನ್ನೋಣ. ಪ್ರತಿಯೊಂದು ಹಂತದಲ್ಲಿಯೂ ಮೂರಡಿ ಚೌಕದ ತಿರುವುಗಳನ್ನಿಟ್ಟಿದ್ದೀರಲ್ಲ, ಆರಡಿಗೆ ಸಮೀಪದ ಉದ್ದವುಳ್ಳ ವಸ್ತು ಅಲ್ಲಿ ತಿರುಗುವುದೆಂತು? ಅದನ್ನು ಹಿಂಚಕ್ರದ ಮೇಲೆ ಕುದುರೆಯಂತೆ ನೆಟ್ಟಗೆ ನಿಲ್ಲಿಸಿ, ತಾನೂ ಅದರೊಡನೆ ಒಂದು ಪ್ರದಕ್ಷಿಣೆ ಬಂದು, ಮತ್ತೆ ಹೆಗಲಿಗೇರಿಸಬೇಕು. ಈ ನಡುವೆ ಒಂದು ಡೇಲಿಯಾದ ತಲೆ ಮುರಿದುಬಿದ್ದರೆ ಆ ಬಗೆಗಿನ ವಿಚಾರಣೆ ಮನೆಯೊಳಗೆ ಬೇರೆಯೇ ನಡೆಯುತ್ತದೆ.

ಭೌತಶಾಸ್ತ್ರವನ್ನು ಬಲ್ಲ ತಾವು ನಗಬಹುದು. ರಸ್ತೆಯಿಂದ ಜಗಲಿಗೆ ಸುಮಾರು 6 ಮೀಟರ್ ಎತ್ತರ. 20 ಕಿಲೊ ಭಾರವನ್ನು ಅಷ್ಟು ಮೇಲಕ್ಕೆತ್ತಲು ವ್ಯಯವಾಗುವ ಕಾರ್ಯ ಸುಮಾರು 1,200 ಜೂಲ್, ಎಂದರೆ ಒಂದು ಕಿಲೊಕ್ಯಾಲೊರಿಯ ಮೂರನೆಯ ಒಂದು ಭಾಗವೂ ಅಲ್ಲ. ಕಡಲೆಕಾಯಿಯ ಒಂದೇ ಬೀಜ ಅದಕ್ಕಿಂತ ಹೆಚ್ಚಿನ ಶಕ್ತಿಯನ್ನೀಯುತ್ತದೆ. ಲೆಕ್ಕ ನಿಷ್ಕಳಂಕವಾದುದು. ಆದರೆ ದವಡೆ, ಮೊಣಕಾಲು, ಪಂಚೆ, ಪಾಚಿ, ಡೇಲಿಯಾ ಎಂಬ ಪದಾರ್ಥಗಳಿಗೆ ಆ ಸೂತ್ರದಲ್ಲಿ ಯಾವ ಅಕ್ಷರವನ್ನೂ ನಿಯಮಿಸಿಲ್ಲ.

ಈ ಸಂಕಟವನ್ನು ತಮ್ಮ ವೃತ್ತಿಬಾಂಧವರೊಬ್ಬರಲ್ಲಿ ಅರಿಕೆ ಮಾಡಿಕೊಂಡಾಗ ಅವರು ಪರಮ ಸೌಜನ್ಯದಿಂದ ಒಂದು ಇಳಿಜಾರು ದಾರಿಯನ್ನು ಸೂಚಿಸಿದರು. ಗಾಲಿಕುರ್ಚಿಗೆ ವಿಧಿಸಿರುವಂತೆ ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 6 ಮೀಟರ್ ಏರಬೇಕಾದರೆ ದಾರಿಯ ಉದ್ದ 72 ಮೀಟರ್ ಆಗಬೇಕು. ಅದನ್ನು ನಮ್ಮ ಮುಂದೋಟದಲ್ಲಿ ಹಾವಿನಂತೆ ಸುತ್ತಿಸಿದ ಪಕ್ಷದಲ್ಲಿ ತೋಟವೆಂಬುದೇ ಉಳಿಯದು. ಸೈಕಲ್ಲು ಸುಖವಾಗಿ ಮನೆ ಸೇರುವುದು, ಮನೆಯವರು ನನ್ನನ್ನು ಹೊರಹಾಕುವರು. ಆಗ ಆ ವೃತ್ತಿಬಾಂಧವರು, ಹಾಗಿದ್ದರೆ ಮೆಟ್ಟಿಲ ಬದಿಯಲ್ಲಿ ಚಕ್ರವುರುಳುವಷ್ಟು ಅಗಲದ ಸಿಮೆಂಟಿನ ಓಣಿಯೊಂದನ್ನು ಹಾಕಿಸಿರೆಂದರು. ಇದು ಉತ್ತಮವಾದ ಉಪಾಯ. ಲೋಕದ ಅನೇಕ ರೈಲು ನಿಲ್ದಾಣಗಳ ಮೆಟ್ಟಿಲುಗಳಲ್ಲಿ ಇದು ಸಲ್ಲುತ್ತಿದೆ. ಆದರೆ ಹ್ಯಾಂಡಲ್ಲು ಚಕ್ರದ ಇಕ್ಕೆಲಗಳಿಗೂ ಸುಮಾರು ಒಂದೊಂದು ಅಡಿ ಚಾಚಿಕೊಂಡಿರುತ್ತದೆಂಬ ಅಲ್ಪಸಂಗತಿಯನ್ನು ಗಣಿಸದೆ, ಅವರು ಓಣಿಯನ್ನು ತಡೆಗೋಡೆಗೆ ಒತ್ತಿ ಹಾಕಿಸಿದರು. ಅಂದಿನಿಂದ ಅದರಲ್ಲಿ ಸೈಕಲ್ಲು ಏರಿದ್ದಿಲ್ಲ. ಜೂನ್ ತಿಂಗಳು ಬಂತೆಂದರೆ ನೀರು ಇಳಿಯುತ್ತದೆ, ಅಷ್ಟೆ. ನೆಂಟರು ಬಂದಾಗ ಅದನ್ನು ಅಬ್ಬಿ ಜಲಪಾತದ ಶಾಖೆಯೆಂದು ತೋರಿಸುತ್ತಿದ್ದೇವೆ.

ಗೇಟಿನ ಬಳಿಯೇ ಬಿಡಬಾರದೇಕೆ ಎನ್ನುವಿರಾ? ಬಿಟ್ಟಿದ್ದೇನೆ. ನಾಲ್ಕು ತಿಂಗಳ ಮಳೆಯಲ್ಲಿ ಚೈನು ತುಕ್ಕಿನ ಒಂದೇ ದಂಡವಾಗಿ, ಸೀಟಿನ ಮೇಲೆ ಬೂಷ್ಟು ಬೆಳೆದು, ಬ್ರೇಕಿನ ಕಂಬಿಗಳು ಜಡವಾಗುತ್ತವೆ. ಕಳ್ಳನ ಮಾತು ಇನ್ನೊಂದು. ಹಿಂಚಕ್ರಕ್ಕೆ ಹಾಕುವ ನಮ್ಮ ಬೀಗವು ಚಕ್ರವನ್ನು ತಿರುಗಗೊಡುವುದಿಲ್ಲವೇ ಹೊರತು ಸೈಕಲ್ಲನ್ನು ಹೊತ್ತೊಯ್ಯುವವನನ್ನು ತಡೆಯಲಾರದು. ಏರುವ ಒಡೆಯನಿಗೆ ಪ್ರತಿಕೂಲವಾದ ಭೂಮಿಯ ಆಕರ್ಷಣೆಯು ಇಳಿಯುವ ಕಳ್ಳನಿಗೆ ಅನುಕೂಲವೆಂಬುದನ್ನು ನೆನೆದಾಗ, ನ್ಯೂಟನ್ನನ ನಿಯಮವೂ ತಮ್ಮ ನಕ್ಷೆಯ ಪಕ್ಷವನ್ನೇ ವಹಿಸಿರುವಂತೆ ಕಾಣುತ್ತದೆ.

ಸದ್ಯಕ್ಕೆ ನಮ್ಮ ಬೀದಿಯನ್ನು ಕಾಪಾಡಿರುವುದು ತಿರುವಿನ ದಿನಸಿ ಅಂಗಡಿಯವರ ಔದಾರ್ಯ. 2006-07ರಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚತೊಡಗಿದಾಗ, ಬರೆಯ ಮೇಲಣ ಮನೆಗಳ ಮಕ್ಕಳು ತಂದ ಸೈಕಲ್ಲುಗಳು ಅಂಗಡಿಯ ಅಕ್ಕಿಮೂಟೆಗಳ ಪಕ್ಕದಲ್ಲಿ ಆಶ್ರಯ ಪಡೆದುವು. ಆ ಮಕ್ಕಳು ಬೆಳೆದು ಬೆಂಗಳೂರು ಸೇರಿದರು. ಆಶ್ರಯದ ಪದ್ಧತಿ ಉಳಿದಿದೆ. ಅಂಗಡಿಯವರು ಬಾಡಿಗೆಯೆಂದು ಬಿಡಿಗಾಸನ್ನೂ ಕೇಳಿದವರಲ್ಲ. “ಇರ್ಲಿ ಬಿಡಿ ಸಾರ್, ಸೈಕಲ್ ಏನು ಅಕ್ಕಿ ತಿಂತದಾ?” ಎನ್ನುತ್ತಾರೆ. ಆದರೂ ಬರಿಗೈಯಲ್ಲಿ ಹೊರಬರಲು ಮರ್ಯಾದೆಗೆ ಅಂಜಿ, ಬೇಕಿಲ್ಲದ ಒಂದು ಬಿಸ್ಕತ್ತಿನ ಪೊಟ್ಟಣವನ್ನು ಕೊಂಡು ತರುವುದರಿಂದ ನಮ್ಮ ಮನೆಯಲ್ಲಿ ಬಿಸ್ಕತ್ತಿಗೆ ಬರಗಾಲವೆಂಬುದಿಲ್ಲ.

ಪರದೇಶಗಳ ಸುದ್ದಿಯನ್ನು ಇಲ್ಲಿ ಎತ್ತಿದರೆ ತಾವು ಬೇಸರಗೊಳ್ಳಬಾರದು. ನೆದರ್‌ಲ್ಯಾಂಡ್ಸ್ ಎಂಬ ದೇಶದಲ್ಲಿ ಗುಡ್ಡವೆಂದು ಕರೆಯಬಹುದಾದ ಭೂಭಾಗವೇ ಅಪೂರ್ವ. ಅಲ್ಲಿ ಸೈಕಲ್ಲನ್ನು ಎಲ್ಲಿ ಒರಗಿಸಿದರೂ ನಡೆದೀತು. ಆದರೂ ಆ ಜನ 2012ರ ಕಟ್ಟಡ ನಿಯಮಗಳಲ್ಲಿ, ಹೊಸ ವಾಸದ ಮನೆಗೆ ಸೈಕಲ್ಲುಗಳನ್ನಿಡತಕ್ಕ, ಮಳೆಯಿಂದ ರಕ್ಷಣೆಯುಳ್ಳ ಉಗ್ರಾಣವೊಂದು ಇರಲೇಬೇಕೆಂದು ವಿಧಿಸಿಕೊಂಡರು. ನಾರ್ವೆಯ ಟ್ರಾಂಡ್‌ಹೈಮ್ ನಗರದವರು ಕಡಿದಾದ ಒಂದು ಬೀದಿಯಲ್ಲಿ 1993ರಲ್ಲಿ ಸೈಕಲ್ ಸವಾರರಿಗೆಂದೇ ಒಂದು ಯಂತ್ರವನ್ನು ಸ್ಥಾಪಿಸಿದರು: ಸವಾರನು ಬಲಗಾಲನ್ನು ನೆಲದಿಂದ ಮೂಡಿಬರುವ ಒಂದು ಫಲಕದ ಮೇಲಿಟ್ಟು ನಿಂತರೆ ಸಾಕು, ಅದು ಅವನನ್ನು ಸೈಕಲ್ ಸಮೇತವಾಗಿ ಸುಮಾರು 130 ಮೀಟರ್ ದೂರ ಏರಿನ ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ನಮ್ಮ ಊರಿನಲ್ಲಿ ಅಂತಹ ಯಂತ್ರವನ್ನು ನಾನು ಬೇಡುವುದಿಲ್ಲ. ಕರೆಂಟಿನ ಕಣ್ಣುಮುಚ್ಚಾಲೆಯ ನಡುವೆ ಅರ್ಧ ಗುಡ್ಡದಲ್ಲಿ ಒಂಟಿಗಾಲಿನಲ್ಲಿ ನಿಂತು ಭಗೀರಥನಾಗುವ ಆಸೆ ನನಗಿಲ್ಲ.

ವಿನೋದ ಸಾಕು, ಒಂದು ಮಾತನ್ನು ನಗದೆ ಹೇಳಬೇಕಾಗಿದೆ. 2018ರ ಆಗಸ್ಟ್ ತಿಂಗಳಲ್ಲಿ ಈ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಜೀವಗಳೂ ಹೋದುದನ್ನು ತಾವೂ ಕಂಡಿದ್ದೀರಿ. ಅತಿವೃಷ್ಟಿಯೊಡನೆ, ಮನುಷ್ಯರು ಮನೆಗೂ ರಸ್ತೆಗೂ ಇಳಿಜಾರುಗಳನ್ನು ನೆಟ್ಟಗೆ ಕಡಿದುದನ್ನೂ ಭೂವಿಜ್ಞಾನಿಗಳು ಕಾರಣವೆಂದು ಹೆಸರಿಸಿದರು. ಕಾರೊಂದನ್ನು ನಿಲ್ಲಿಸಲು 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬರೆಯನ್ನು ಕಡಿಯಬೇಕು. ಅಷ್ಟೇ ನೆಲದಲ್ಲಿ ಎಂಟು ಹತ್ತು ಸೈಕಲ್ಲುಗಳು ನಿಂತಾವು. ಒಂದೆರಡಕ್ಕಾದರೋ ಬರೆಯ ತಂಟೆಗೆ ಹೋಗುವ ಪ್ರಮೇಯವೇ ಇಲ್ಲ. ಆದರೆ ಮನೆ ಎದ್ದುನಿಂತ ಮೇಲೆ, ಒಡೆಯನು ಹಾರೆ ಹಿಡಿದು ತಡೆಗೋಡೆಯ ಬುಡದಲ್ಲಿ ಗೂಡು ಕೊರೆಯಹೊರಟರೆ ಗೋಡೆ ದುರ್ಬಲವಾಗುತ್ತದೆ, ಅದರ ಹಿಂದಿನ ನೀರು ಹೊರಬರುವ ರಂಧ್ರಗಳು ಕೆಡುತ್ತವೆ, ಮುಂದಿನ ಮಳೆಗೆ ತೋಟವೇ ರಸ್ತೆಗಿಳಿಯುತ್ತದೆ. ಆದುದರಿಂದ ಇದು ತಮ್ಮ ಲೇಖನಿಯಿಂದ, ಮೊದಲ ದಿನವೇ ಆಗಬೇಕಾದ ಕೆಲಸ.

ನಾನು ಬೇಡುವುದು ಇಷ್ಟೆ. ಗೇಟಿನಿಂದ ಒಳಗೆ, ಮೊದಲ ಮೆಟ್ಟಿಲಿಗೆ ಮುಂಚೆ, ಮೊದಲ ತಡೆಗೋಡೆಯೊಡನೆಯೇ ಕಟ್ಟಿದ ಒಂದು ಗೂಡು. ಉದ್ದ ಆರೂವರೆ ಅಡಿ, ಅಗಲ ಮೂರಡಿ, ಎತ್ತರ ನಾಲ್ಕಡಿ. ನೆಲ ರಸ್ತೆಗಿಂತ ನಾಲ್ಕು ಬೆರಳು ಎತ್ತರವಾಗಿದ್ದು ನೀರು ಹೊರಕ್ಕೆ ಹರಿಯುವಂತಿರಲಿ. ಗಾಳಿಯಾಡುವಂತಹ ಸರಳಿನ ಬಾಗಿಲಿರಲಿ, ಏಕೆಂದರೆ ಮುಚ್ಚಿದ ಪೆಟ್ಟಿಗೆಯಲ್ಲಿಯೂ ಈ ಊರಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಿಂಗೋಡೆಯಲ್ಲಿ ಸರಪಳಿ ಹಾಯಿಸಲು ಕಬ್ಬಿಣದ ಬಳೆಯೊಂದನ್ನು ಕಾಂಕ್ರೀಟಿನಲ್ಲಿ ಹೂತಿಡಿಸಿ. ಗೂಡಿನ ಚಾವಣಿಯ ಮೇಲೆ ಮಣ್ಣು ಹರಡಿದರೆ ಡೇಲಿಯಾಕ್ಕೆ ಇನ್ನೊಂದು ಪಟ್ಟಿ ಲಾಭವಾದೀತು, ಮನೆಯೊಳಗಿನ ವಿಚಾರಣೆಯೂ ನಿಂತೀತು. ತಾವು ಮುಂದೆ ಬರೆಯುವ ನಕ್ಷೆಯಲ್ಲಿ, ಕಾರಿನ ಗುಹೆಯನ್ನು ಗುರುತಿಸಿದ ಬಳಿಕ ಮಸಿ ಆರುವ ಮುನ್ನ, ಈ ಗೂಡಿಗೂ ನಾಲ್ಕು ಗೆರೆ ಎಳೆಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಬರೆಯ ಮೇಲಿನ ಮನೆಯ ಸೈಕಲ್ ಸವಾರ
ಮಡಿಕೇರಿ