ಶಬ್ದಪ್ರಮಾಣ ಮೀಮಾಂಸೆ: ಮನೆಯ ಜನರೇಟರನ್ನು ಕುರಿತು

ಶಬ್ದ ನಿತ್ಯವೋ ಅನಿತ್ಯವೋ ಎಂದು ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ಕಾಲ ಜಗಳ ನಡೆಯಿತು. ನಿತ್ಯ ಎಂದವರು ಮೀಮಾಂಸಕರು. ಹುಟ್ಟಿದ್ದು ಅಳಿಯಲೇಬೇಕು, ಆದ್ದರಿಂದ ಅನಿತ್ಯ ಎಂದವರು ನೈಯಾಯಿಕರು. ಇಬ್ಬರ ಕೈಯಲ್ಲೂ ಡೀಸೆಲ್ ಜನರೇಟರ್ ಇರಲಿಲ್ಲವಾದ್ದರಿಂದ ತೀರ್ಮಾನ ಬಾಕಿ ಉಳಿಯಿತು. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಕರೆಂಟ್ ಹೋದ ಸಂಜೆ ನಿಂತು ನೋಡಿದರೆ ಎರಡು ಪಕ್ಷವೂ ಸರಿಯೆಂದು ಗೊತ್ತಾಗುತ್ತದೆ. ಜನರೇಟರ್ ಇಟ್ಟವರಿಗೆ ಸದ್ದು ಅನಿತ್ಯ. ಟಿವಿ ಹಚ್ಚಿದೊಡನೆ ಅಡಗುತ್ತದೆ. ಪಕ್ಕದ ಮನೆಯವರಿಗೆ ನಿತ್ಯ. ಯಂತ್ರ ನಿಂತ ಮೇಲೂ ತಲೆಯೊಳಗೆ ಓಡುತ್ತಲೇ ಇರುತ್ತದೆ. ಇದರಿಂದ ಹೊರಡುವ ಸಿದ್ಧಾಂತವಿಷ್ಟು: ಈ ಸದ್ದಿಗೆ ಆಶ್ರಯ, ಜನರೇಟರಿನ ಕರೆಂಟು ಸಿಗದವನ ಕಿವಿ. ಯಂತ್ರ ಬರೀ ನಿಮಿತ್ತ.

ಮೊದಲು ಪ್ರತ್ಯಕ್ಷವನ್ನು ನೋಡೋಣ. 30×40 ಸೈಟಿನ ಮನೆಯಲ್ಲಿ ಜನರೇಟರ್ ಎಲ್ಲಿರುತ್ತದೆ? ಮಲಗುವ ಕೋಣೆಗೆ ತೀರಾ ದೂರದಲ್ಲಿ, ಕಾಂಪೌಂಡಿಗೆ ಒತ್ತಿಕೊಂಡು. ಹೊಗೆ ಕೊಳವೆಯ ಬಾಯಿ ಎತ್ತ ತಿರುಗಿರುತ್ತದೆ? ಸ್ವಂತ ಕಿಟಕಿಯೊಂದನ್ನು ಬಿಟ್ಟು ಬೇರೆ ಯಾವ ದಿಕ್ಕಿಗಾದರೂ. ಶಬ್ದ ಹರಡುವ ಬಗೆಗೆ ನ್ಯಾಯಶಾಸ್ತ್ರದಲ್ಲಿ ಎರಡು ದೃಷ್ಟಾಂತಗಳಿವೆ: ಅಲೆಯ ಹಿಂದೆ ಅಲೆ ಬರುವ ವೀಚೀತರಂಗ, ಕದಂಬದ ಹೂವಿನಂತೆ ಏಕಕಾಲಕ್ಕೆ ಎಲ್ಲ ದಿಕ್ಕಿಗೂ ಅರಳುವ ಕದಂಬಗೋಲಕ. ಕೊಳವೆ ತಿರುಗಿಸಿದವರು ಮೊದಲನೆಯದನ್ನು ನಂಬಿದವರು. ಅಲೆಯನ್ನು ಅತ್ತ ಅಟ್ಟಿದರೆ ಇತ್ತ ಬಾರದೆಂದು ಅವರ ಲೆಕ್ಕ. ಎಂಜಿನ್ನಿನ ದಪ್ಪ ದನಿ ಮಾತ್ರ ಕದಂಬ ಪಕ್ಷದ್ದು. 50 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆಗೆ ಐದಡಿ ಕಾಂಪೌಂಡು ಹೊಸಿಲಿದ್ದಂತೆ, ದಾಟಿಕೊಂಡು ಬರುತ್ತದೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ‘ನಮ್ಮದು ಸೈಲೆಂಟ್ ಜನರೇಟರ್.’ ಕಾಯ್ದೆಯ ಪ್ರಕಾರ 2005ರ ಜನವರಿಯಿಂದೀಚೆಗೆ ತಯಾರಾದ, 1000 ಕೆವಿಎವರೆಗಿನ ಡೀಸೆಲ್ ಜನರೇಟರಿನ ಸದ್ದು ಅದರ ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರುವಂತಿಲ್ಲ. ಎದುರು ಕುಳಿತು ಸಹಜವಾಗಿ ಆಡುವ ಮಾತು ಸುಮಾರು 60. ನಡುವಿನ ಹದಿನೈದನ್ನು ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಮೂವತ್ತು ಪಟ್ಟು ಆಗುತ್ತದೆ. ಅಂದರೆ ಮೂವತ್ತು ಜನ ಕವಚದ ಪಕ್ಕ ಕೂತು ಒಟ್ಟಿಗೆ ಮಾತಾಡುವುದಕ್ಕೆ ಸೈಲೆಂಟ್ ಎಂದು ಹೆಸರು. ಇನ್ನು 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಕೊಟ್ಟಿರುವ ಮಿತಿ 45. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸರಿಸುಮಾರು 6 ಡೆಸಿಬಲ್ ಇಳಿಯುತ್ತದೆ. 75ರಿಂದ 45ಕ್ಕೆ ಬರಬೇಕಾದರೆ ಐದು ಸಲ ಇಮ್ಮಡಿಸಬೇಕು: 32 ಮೀಟರ್, ಅಂದರೆ 105 ಅಡಿ. ಮೂವತ್ತಡಿ ಅಗಲದ ಸೈಟುಗಳನ್ನು ಎಣಿಸುತ್ತ ಹೋದರೆ ಜನರೇಟರನ್ನು ನಾಲ್ಕನೆಯ ಮನೆಯ ನಡುಮನೆಯಲ್ಲಿ ಇಡಬೇಕಾಗುತ್ತದೆ. ಕಾಯ್ದೆಗೆ ಅದು ಸಮ್ಮತವಾದೀತು. ಆ ಮನೆಯವರ ಅಭಿಪ್ರಾಯವನ್ನು ಶಾಸ್ತ್ರ ಕೇಳಿಲ್ಲ.

‘ಹಾಗಾದರೆ ಅಡಿಗೆ ರಬ್ಬರ್ ಹಾಕುತ್ತೇವೆ’ ಎಂಬುದು ಎರಡನೆಯ ಪೂರ್ವಪಕ್ಷ. ಇದು ಹೆಚ್ಚು ಗೌರವಕ್ಕೆ ಅರ್ಹ. ಏಕೆಂದರೆ ಅರ್ಧ ಉಪದ್ರವ ಗಾಳಿಯಲ್ಲಿ ಬಾರದೆ ನೆಲದಲ್ಲಿ ಬರುತ್ತದೆ: ಸ್ಟ್ಯಾಂಡಿನಲ್ಲಿ ಕವುಚಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ, ಡಬ್ಬಿಯ ಮುಚ್ಚಳ ತಾನಾಗಿ ಒಂದಿಷ್ಟು ಸರಿಯುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ, ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ಸೆಕೆಂಡಿಗೆ ಹನ್ನೆರಡೂವರೆ ಸಲ ಸಿಡಿಯುತ್ತದೆ. ರಬ್ಬರಿನ ಮೇಲೆ ಕೂತ ಯಂತ್ರಕ್ಕೂ ತನ್ನದೇ ಒಂದು ತೂಗುವ ಲಯವಿದೆ. ಭಾರಕ್ಕೆ ರಬ್ಬರ್ ಎಷ್ಟು ಕುಸಿಯುತ್ತದೋ ಅಷ್ಟು ಆ ಲಯ ನಿಧಾನ. 14 ಮಿಲಿಮೀಟರಿನಷ್ಟು ಕುಸಿಯುವ ಸ್ಪ್ರಿಂಗೋ ಮೆತ್ತನೆಯ ಮೌಂಟೋ ಇದ್ದರೆ ಲಯ ಸೆಕೆಂಡಿಗೆ ನಾಲ್ಕಕ್ಕೆ ಇಳಿದು, ನಡುಕದ ಬಹುಪಾಲು ಅಲ್ಲೇ ಉಳಿಯುತ್ತದೆ. ಒಂದೂವರೆ ಮಿಲಿಮೀಟರ್ ಮಾತ್ರ ಕುಸಿಯುವ ಹಳೆ ಟೈರಿನ ತುಂಡು ಇಟ್ಟರೋ, ಲಯ ನೇರ ಹನ್ನೆರಡೂವರೆಗೆ ಬಂದು ನಿಲ್ಲುತ್ತದೆ. ಆಗ ರಬ್ಬರ್ ಇಲ್ಲದಾಗ ನಡುಗಿದ್ದಕ್ಕಿಂತ ಹೆಚ್ಚಾಗಿ ಮನೆ ನಡುಗುತ್ತದೆ, ಜೊತೆಗೆ ‘ರಬ್ಬರ್ ಹಾಕಿದ್ದೇವಲ್ಲ’ ಎಂಬ ಸಮಾಧಾನವೂ ಸಿಗುತ್ತದೆ. ಒಳ್ಳೆಯ ಮೌಂಟಿನ ಮೇಲಿರುವ ಯಂತ್ರವೂ ಆಫ್ ಮಾಡಿದಾಗ ವೇಗ ಇಳಿಯುತ್ತ ಈ ಲಯವನ್ನು ಹಾಯ್ದೇ ಹೋಗಬೇಕು. ನಿಲ್ಲುವ ಮುನ್ನ ಅದು ಒಮ್ಮೆ ಮೈ ಕೊಡವುವುದು ಅದಕ್ಕೇ. ಪೀಠದ ಕಾಂಕ್ರೀಟು ಮನೆಯ ಪಾಯಕ್ಕೆ ತಾಗಬಾರದು, ಎಂಜಿನ್ನಿಗೂ ಹೊಗೆ ಕೊಳವೆಗೂ ನಡುವೆ ಬಳುಕುವ ಬೆಲ್ಲೋಸ್ ಇರಬೇಕು ಎಂಬುದೂ ನಿಜ. ತಾರಸಿಯ ಮೇಲಿಡುತ್ತೇವೆ ಎನ್ನುವವರಿಗೆ ಉತ್ತರ ಕೊಡುವುದು ಕಾಗದದ ಪೋಲು.

ಮೂರನೆಯವರು ಪೆಟ್ಟಿಗೆ ಕಟ್ಟಿಸಿ ಒಳಗೆಲ್ಲ ಮೊಟ್ಟೆಯ ಟ್ರೇ ಅಂಟಿಸುತ್ತಾರೆ. ಸದ್ದನ್ನು ತಡೆಯುವುದು ತೂಕ, ಹೀರುವುದು ರಾಕ್‌ವೂಲ್‌ನಂಥ ದಪ್ಪ ಮೆತ್ತೆ. ಮೊಟ್ಟೆಯ ಟ್ರೇಗೆ ತೂಕವೂ ಇಲ್ಲ, ದಪ್ಪವೂ ಇಲ್ಲ. ಬೆಂಕಿ ಹತ್ತಿಕೊಳ್ಳುವ ಗುಣ ಒಂದಿದೆ. ಇಟ್ಟಿಗೆಯ ಪೆಟ್ಟಿಗೆಯನ್ನೇ ಕಟ್ಟಿದರೂ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಅದು ತಡೆಯುವುದು ಹೆಚ್ಚೆಂದರೆ 20 ಡೆಸಿಬಲ್. ಹಾಗೆಂದು ಪೂರ್ತಿ ಮುಚ್ಚಿದರೆ ಎಂಜಿನ್ ಕಾದು ನಿಲ್ಲುತ್ತದೆ. ಗಾಳಿಗೆ ಒಳಗೆ ಮೆತ್ತೆ ಹಾಕಿದ ಅಂಕುಡೊಂಕು ದಾರಿ ಮಾಡಬೇಕು. ಹೊಗೆಯಂತೂ ಯಾರ ಕಿಟಕಿಗೂ ನುಗ್ಗದಂತೆ ಸೂರಿಗಿಂತ ಮೇಲಕ್ಕೆ ಹೋಗಲೇಬೇಕು; ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಕೊಲ್ಲುವುದರಿಂದ ಇಲ್ಲಿ ಅಣಕಕ್ಕೆ ಎಡೆಯಿಲ್ಲ.

ಇದೆಲ್ಲ ಮಾಡಿದ ಮೇಲೂ ಪಕ್ಕದ ಮನೆಯವರಿಗೆ ಸದ್ದು ಕೇಳುತ್ತದೆ. ಈಗ ಸಿದ್ಧಾಂತದ ಪ್ರಯೋಗ: ಅವರಿಗೊಂದು ತಂತಿ ಎಳೆದುಕೊಡಿ. ಒಂದು ಫ್ಯಾನು, ಎರಡು ಎಲ್ಇಡಿ ಬಲ್ಬು, ಸುಮಾರು 100 ವ್ಯಾಟ್. ‘ಪಾಪ, ಅದೇನಂಥಾ ಸದ್ದು ಮಾಡಲ್ಲ ಬಿಡಿ’ ಎಂಬ ಮಾತು ಆ ಕಾಂಪೌಂಡಿನ ಆಚೆಯಿಂದಲೇ ಬರುತ್ತದೆ. ಮೀಟರಿನಲ್ಲಿ ಒಂದು ಡೆಸಿಬಲ್ಲೂ ಇಳಿದಿಲ್ಲವಲ್ಲ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಮೀಟರಿಗೆ ಫ್ಯಾನು ಬೇಕಿಲ್ಲ, ಅದರ ಸಾಕ್ಷ್ಯ ಅಪೂರ್ಣ. ಸಾಲದ್ದಕ್ಕೆ ಡೆಸಿಬಲ್-ಎ ಮಾಪನ 50 ಹರ್ಟ್ಸಿನ ಗುಡುಗಿಗೆ 30 ಡೆಸಿಬಲ್ ರಿಯಾಯಿತಿ ಕೊಡುತ್ತದೆ. ಹೀಗೆ ಧಾರಾಳವಾಗಿ ಕಡಿತ ಮಾಡುವ ಸಾಕ್ಷಿ, ಫ್ಯಾನಿನ ಕೆಳಗೆ ಕೂತವರು ಮಾಡುವ ಕಡಿತಕ್ಕೆ ಆಕ್ಷೇಪಿಸುವಂತಿಲ್ಲ. ತಂತಿ ಎಷ್ಟು ಮನೆಗೆ? ನಾಲ್ಕನೆಯ ಮನೆಗೆ ಸದ್ದು ಕಾಯ್ದೆಯ ಮಿತಿಗೆ ಇಳಿಯುವುದರಿಂದ ಅತ್ತ ಮೂರು, ಇತ್ತ ಮೂರು, ಒಟ್ಟು 600 ವ್ಯಾಟ್. ಲೋಡ್ ಹೆಚ್ಚಾಯಿತೆಂದು ಗೊಣಗಬೇಕಿಲ್ಲ. ಡೀಸೆಲ್ ಎಂಜಿನ್ನನ್ನು ತೀರಾ ಕಡಿಮೆ ಲೋಡಿನಲ್ಲಿ ಓಡಿಸುತ್ತಲೇ ಇದ್ದರೆ ಪೂರ್ತಿ ಉರಿಯದ ಡೀಸೆಲ್ ಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. 5 ಕೆವಿಎ ಯಂತ್ರಕ್ಕೆ ಸ್ವಂತ ಮನೆಯ ನಾಲ್ಕು ಬಲ್ಬು, ಒಂದು ಟಿವಿ ಯಾವ ಮೂಲೆಗೆ? ನೆರೆಯವರ ಫ್ಯಾನುಗಳು ಅದಕ್ಕೆ ಪಥ್ಯ.

ಉಳಿಯುವ ಆಕ್ಷೇಪ ಒಂದೇ: ಫ್ಯಾನಿಗೆಂದು ಕೊಟ್ಟ ಲೈನಿಗೆ ಪಕ್ಕದ ಮನೆಯವರು ಒಂದು ರಾತ್ರಿ 750 ವ್ಯಾಟಿನ ಮಿಕ್ಸಿ ಚುಚ್ಚಿ ದೋಸೆಗೆ ಚಟ್ನಿ ರುಬ್ಬಿದರೆ? ಆಗಲೂ ಸಿದ್ಧಾಂತಕ್ಕೆ ಬಾಧಕವಿಲ್ಲ. ಅಷ್ಟು ವರ್ಷ ಸ್ವಂತ ಜನರೇಟರಿನ ಗುಡುಗು ಕೇಳಿಸದಿದ್ದ ಯಜಮಾನರಿಗೆ ಆ ಮಿಕ್ಸಿಯ ಸದ್ದು, ಎರಡು ಗೋಡೆ ಮತ್ತು ಒಂದು ಕಾಂಪೌಂಡು ದಾಟಿ, ಸ್ಪಷ್ಟವಾಗಿ ಕೇಳಿಸುತ್ತದೆ.