ಕಚೇರಿಯ ಸದ್ದು

ಕಚೇರಿಯಲ್ಲಿ ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂಬುದು ಒಂದು ಕಾಲದಲ್ಲಿ ಹೊರಗಿನ ಬೆಂಚಿನ ಮೇಲೆ ಕೂತವರಿಗೂ ತಿಳಿಯುತ್ತಿತ್ತು. ಒಳಗಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅರ್ಜಿಗೆ ಗತಿ ಕಾಣುವ ಸಂಭವ ಉಂಟು. ಸದ್ದು ನಿಂತರೆ ಒಂದೋ ಕಾಫಿ ಬಂದಿದೆ, ಇಲ್ಲವೇ ರಿಬ್ಬನ್ ಸಿಕ್ಕಿಕೊಂಡಿದೆ. ಸಾಲು ಮುಗಿಯುವ ಹೊತ್ತಿಗೆ ‘ಟಿಂಗ್’ ಅಂತ ಒಂದು ಗಂಟೆ ಹೊಡೆಯುತ್ತಿತ್ತಲ್ಲ, ಅದನ್ನು ಕೇಳಿದರೆ ಸರ್ಕಾರ ಒಂದು ಸಾಲಿನಷ್ಟಾದರೂ ಮುಂದೆ ಹೋಯಿತು ಅನ್ನಿಸುತ್ತಿತ್ತು.

ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರವನ್ನು ಬಿಡಿಭಾಗ ಜೋಡಿಸಿ ಕಟ್ಟಬೇಕಿತ್ತು. ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ನಮ್ಮ ಟೈಪಿಸ್ಟ್ ಮೇಡಮ್ಮು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಷ್ಟನ್ನು ಒಂದೇ ಉಸಿರಿಗೆ ಬಡಿದು ಹಾಕುತ್ತಿದ್ದರು. ಬೆರಳು ಅದರ ಪಾಡಿಗೆ ಅದು, ಬಾಯಿ ಪಕ್ಕದ ಮೇಜಿನವರ ಜೊತೆ ಅವರೆಕಾಯಿ ರೇಟಿನ ಮಾತಿನಲ್ಲಿ. ತಾಲ್ಲೂಕುಗಳಿಗೆಲ್ಲ ಸುತ್ತೋಲೆ ಹೋಗಬೇಕಾದಾಗ ಸ್ಟೆನ್ಸಿಲ್ ಕತ್ತರಿಸುವುದು. ಮೇಣದ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಅಚ್ಚು ನೇರವಾಗಿ ಬೀಳುತ್ತದೆ. ಸ್ವಲ್ಪ ಜೋರಾಗಿ ಬಡಿದರೆ ಅನುಸ್ವಾರದ ಸೊನ್ನೆಯ ಒಳಗಿನ ಚೂರು ಕಳಚಿ ಬಿದ್ದು, ಪ್ರತಿ ತೆಗೆದಾಗ ಅಲ್ಲೆಲ್ಲ ಕರೀ ಚುಕ್ಕೆ. ಸುತ್ತೋಲೆಯಲ್ಲಿ ಸೊನ್ನೆಗಳೆಲ್ಲ ಮಸಿ ತುಂಬಿಕೊಂಡಿದ್ದರೆ ಮೇಡಮ್ಮಿಗೆ ಅವತ್ತು ಮನೆಯಲ್ಲಿ ಏನೋ ಆಗಿದೆ ಎಂದು ತಾಲ್ಲೂಕು ಕಚೇರಿಯವರಿಗೂ ಗೊತ್ತಾಗುತ್ತಿತ್ತು. ಈಗಿನ ಯಾವ ಎಮೋಜಿಗೂ ಆ ಶಕ್ತಿಯಿಲ್ಲ.

ಗೋದ್ರೇಜ್ ಕಂಪನಿ 2009ರಲ್ಲಿ ಟೈಪ್‌ರೈಟರ್ ತಯಾರಿಸುವುದನ್ನು ನಿಲ್ಲಿಸಿತು. ನಮ್ಮಲ್ಲಿ ಅಷ್ಟರೊಳಗೆ ಕಂಪ್ಯೂಟರ್ ಬಂದು, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಹಳತಾಗಿತ್ತು. ಬಾಯಲ್ಲಿ ಆಡುವ ಕ್ರಮದಲ್ಲೇ ಕೀಲಿ ಒತ್ತುತ್ತ ಹೋಗಿ, ಅಕ್ಷರದ ಆಕಾರದ ತಾಪತ್ರಯವನ್ನು ಯಂತ್ರಕ್ಕೆ ಬಿಡಿ ಎಂಬ ಕೀಲಿಮಣೆ ವಿನ್ಯಾಸವನ್ನು ಕೆ.ಪಿ. ರಾವ್ ಕೊಟ್ಟಿದ್ದರು. ‘ಕೆ’ ಒತ್ತಿದರೆ ಕ. ವ್ಯಂಜನಕ್ಕೆ ವ್ಯಂಜನ ಬೆಸೆಯಲು ‘ಎಫ್’. ಸರ್ಕಾರ ಅದನ್ನು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದೇ ವಿನ್ಯಾಸ ಹಿಡಿದು ಮೇಜುಮೇಜಿಗೂ ಬಂದು ಕೂತಿತು. 1998ರಿಂದಲೂ ಇದ್ದ ‘ಬರಹ’ದ ಪಕ್ಷದವರೂ ನಮ್ಮಲ್ಲಿದ್ದರು. ಎರಡೂ ಬಣದವರು ಮಧ್ಯಾಹ್ನ ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದರು, ಫೈಲ್ ಹಂಚಿಕೊಳ್ಳುತ್ತಿರಲಿಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಕಾಗದ ತೆರೆದರೆ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಟೋಪಿ, ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಅಂಥದ್ದೊಂದು ಕಾಗದವನ್ನು ಹಾಗೇ ಪ್ರಿಂಟ್ ತೆಗೆಸಿದ ಮೇಲಧಿಕಾರಿಯೊಬ್ಬರು ‘ವಿಷಯ ಸ್ಪಷ್ಟವಿಲ್ಲ, ಸ್ಪಷ್ಟೀಕರಣದೊಡನೆ ಮರುಮಂಡಿಸಿ’ ಎಂದು ಷರಾ ಬರೆದು ಕಳಿಸಿದ್ದರು. ಯುನಿಕೋಡ್ ಬಳಕೆಗೆ ಬಂದ ಮೇಲೆ ಈ ರೋಗ ಬಹುಮಟ್ಟಿಗೆ ವಾಸಿಯಾಯಿತು.

ಆದರೆ ಸದ್ದು ಹೋಯಿತು. ಯಾರು ಟಿಪ್ಪಣಿ ಬರೆಯುತ್ತಿದ್ದಾರೆ, ಯಾರು ಇಸ್ಪೀಟಿನ ಎಲೆ ಸರಿಸುತ್ತಿದ್ದಾರೆ ಎಂದು ಕಿವಿಗೆ ತಿಳಿಯುವಂತಿಲ್ಲ. ಮುಂಚೆ ನಮ್ಮ ಸೂಪರಿಂಟೆಂಡೆಂಟರು ಕೋಣೆಯಲ್ಲಿ ಕಣ್ಣುಮುಚ್ಚಿ ಕೂತೇ ಇಡೀ ಶಾಖೆಯ ಮೇಲೆ ನಿಗಾ ಇಡುತ್ತಿದ್ದರು. ಈಗ ಎದ್ದು ಬಂದು ನೋಡಬೇಕು. ಎದ್ದರೆ ಅವರ ಚಪ್ಪಲಿ ಸದ್ದು ನಮಗೆ ಕೇಳುತ್ತದೆ. ಗಣಕೀಕರಣದಿಂದ ನೌಕರರಿಗೆ ಆದ ಅನುಕೂಲಗಳಲ್ಲಿ ಇದನ್ನು ಯಾವ ವರದಿಯಲ್ಲೂ ಸೇರಿಸಿದ್ದು ನಾನು ಕಂಡಿಲ್ಲ.

ಆ ಮೌನದಲ್ಲೇ ನನಗೆ ಹಕ್ಕಿಯ ಹುಚ್ಚು ಹತ್ತಿದ್ದು. ಕಾಂಪೌಂಡಿನ ಮಳೆಮರದಲ್ಲಿ ಚೆಂಬುಕುಟಿಗ ಎಂಬ ಪುಟ್ಟ ಹಸಿರು ಹಕ್ಕಿಯಿದೆ. ಎದೆಯ ಮೇಲೆ, ಹಣೆಯ ಮೇಲೆ ಕುಂಕುಮದಂಥ ಕೆಂಪು. ಬೇಸಿಗೆ ಶುರುವಾಯಿತೆಂದರೆ ಟುಕ್ ಟುಕ್ ಟುಕ್ ಅಂತ ಒಂದೇ ಲಯದಲ್ಲಿ, ಯಾರೂ ಡಿಕ್ಟೇಷನ್ ಕೊಡದಿದ್ದರೂ, ಸಂಜೆಯವರೆಗೆ ಟೈಪು ಮಾಡುತ್ತಲೇ ಇರುತ್ತದೆ. ನಿವೃತ್ತರಾದ ಗೆಳೆಯರೊಬ್ಬರು ಮತ್ತು ನಾನು ಒಂದು ಕೂಗು ಕೇಳಿದರೆ ಅದು ಯಾವ ಹಕ್ಕಿಯದೆಂದು ವಾರಗಟ್ಟಲೆ ವಾದ ಮಾಡುತ್ತಿದ್ದೆವು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2021ರಲ್ಲಿ ತಮ್ಮ ಮರ್ಲಿನ್ ಆ್ಯಪಿಗೆ ಕೂಗು ಕೇಳಿ ಹಕ್ಕಿ ಗುರುತಿಸುವುದನ್ನೂ ಕಲಿಸಿದರು. ಈಗ ಫೋನು ಎತ್ತಿ ಹಿಡಿದರೆ ಹೆಸರು ಬಂದೇಬಿಡುತ್ತದೆ, ವಾದ ಮುಗಿಯುತ್ತದೆ. ನಮ್ಮಿಬ್ಬರ ನಡುವೆ ಮಾತಿಗೆ ವಿಷಯವೇ ಇಲ್ಲವಾಗಿ ಅವರು ರಾಜಕೀಯಕ್ಕೆ ಇಳಿದಿದ್ದಾರೆ. ನನಗಿರುವ ಒಂದೇ ಸಮಾಧಾನ ಕಾಜಾಣ. ಬೇರೆ ಹಕ್ಕಿಗಳ ಕೂಗನ್ನು ಹಾಗೇ ಅಣಕಿಸುವ ಕಳ್ಳ ಅದು. ಕಾಡಂಚಿನಲ್ಲಿ ಒಮ್ಮೆ ಅದು ಕೂಗಲು ತೊಡಗಿದಾಗ ಆ್ಯಪು ಒಂದರ ಹಿಂದೆ ಒಂದು ಹೆಸರು ಒದರುತ್ತ ಕಂಗೆಟ್ಟದ್ದನ್ನು ಇಬ್ಬರೂ ಕಣ್ತುಂಬ ನೋಡಿದೆವು.

ಇದೆಲ್ಲ ಕೆಲಸಕ್ಕೆ ಬಾರದ್ದು ಎಂದು ಮನೆಯಲ್ಲಿ ಮಾತು ಬಂದಾಗ ತೇಜಸ್ವಿಯವರನ್ನು ಮುಂದೆ ತಂದೆ. ಮೂಡಿಗೆರೆಯಲ್ಲಿ ಕೂತು ಹಕ್ಕಿ, ಮೀನು, ಕ್ಯಾಮೆರಾ, ಕಂಪ್ಯೂಟರು, ಕನ್ನಡ ತಂತ್ರಾಂಶ, ಎಲ್ಲದಕ್ಕೂ ಕೈಹಾಕಿದವರಲ್ಲವೇ ಅವರು? ‘ಅವ್ರು ಹಾಜರಾತಿ ಪುಸ್ತಕಕ್ಕೆ ಸಹಿ ಮಾಡ್ಬೇಕಾಗಿರ್ಲಿಲ್ಲ ಕಣ್ರೀ’ ಎಂದಳು ನನ್ನ ಹೆಂಡತಿ. ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ಹಕ್ಕಿಯ ಮಾತು ತಿಳಿಯುವ ಫೋನಿಗೆ ನಮ್ಮ ಹಾಸನದ ಕಡೆಯ ಮಾತು ಇನ್ನೂ ಸರಿಯಾಗಿ ಒಗ್ಗಿಲ್ಲ. ಗೂಗಲ್‌ನವರು 2017ರಲ್ಲಿ ಕನ್ನಡವನ್ನು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ವ್ಯವಸ್ಥೆ ತಂದರು. ನಮ್ಮ ಕಿರಿಯ ಸಹೋದ್ಯೋಗಿ ಅದರಲ್ಲೇ ಟಿಪ್ಪಣಿ ಬರೆಸುತ್ತಾನೆ. ಹಕಾರಕ್ಕೂ ಅವನಿಗೂ ಹುಟ್ಟಿನಿಂದ ಆಗಿಬರದು. ಹಾಲು ಉತ್ಪಾದಕರ ಸಂಘದ ಅರ್ಜಿ ಅವನ ಬಾಯಿಂದ ‘ಆಲೂ ಉತ್ಪಾದಕರ ಸಂಘ’ವಾಗಿ ಕಡತ ಸೇರಿತು. ಬೇರೆ ಜಿಲ್ಲೆಯಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಆಲೂಗಡ್ಡೆಯ ಸೀಮೆಯಾದ ಹಾಸನದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಕಡತ ನೇರವಾಗಿ ತೋಟಗಾರಿಕೆ ಇಲಾಖೆಗೆ ಹೋಗಿ ಅಲ್ಲಿಂದ ಗೌರವಪೂರ್ವಕವಾಗಿ ವಾಪಸು ಬಂತು.

ಇನ್ನು ಕೆಲವೇ ವರ್ಷದಲ್ಲಿ ಕೀಲಿಮಣೆ ಮೂಲೆಗೆ ಸೇರುತ್ತದೆ, ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತದೆ ಎಂದು ಈ ಹುಡುಗ ಭವಿಷ್ಯ ಹೇಳುತ್ತಾನೆ. ನಾನು ನಂಬುವುದಿಲ್ಲ. ಅವನಿಗೆ ಯಂತ್ರ ಗೊತ್ತು, ಕಚೇರಿ ಗೊತ್ತಿಲ್ಲ. ಎದುರು ಕೂತ ಅರ್ಜಿದಾರರಿಗೆ ‘ನೋಡೋಣ ಗೌಡ್ರೇ, ಏನಾದ್ರೂ ಮಾಡೋಣ’ ಎನ್ನುತ್ತಲೇ ‘ದಾಖಲೆಗಳು ಅಪೂರ್ಣ, ತಿರಸ್ಕರಿಸಬಹುದಾಗಿದೆ’ ಎಂದು ಬರೆಯುವುದಕ್ಕೆ ಬೆರಳೇ ಬೇಕು. ಮೇಲಿನವರ ತಪ್ಪನ್ನು ‘ಅವಗಾಹನೆಗೆ ತರಬಯಸುತ್ತೇನೆ’ ಎಂದು ನಯವಾಗಿ ಎತ್ತಿ ತೋರುವ ವಾಕ್ಯವನ್ನು ಅವರ ಕೋಣೆಗೆ ಕೇಳಿಸುವಂತೆ ಯಾರು ಒದರುತ್ತಾರೆ? ಅದೂ ಹೋಗಲಿ, ಐದು ಮೇಜಿನವರು ಒಟ್ಟಿಗೆ ಮಾತಾಡಿದರೆ ನನ್ನ ಗಳಿಕೆ ರಜೆಯ ಅರ್ಜಿಯೊಳಗೆ ಪಕ್ಕದವರ ಕೊಳವೆಬಾವಿ ದುರಸ್ತಿ ನುಸುಳಿ, ರಜೆಗೆ ಅಂದಾಜುಪಟ್ಟಿ ಕೇಳುತ್ತಾರೆ.

ಮೊನ್ನೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಮಾತನ್ನೆಲ್ಲ ಕೇಳಿಸಿಕೊಂಡು ತಾನೇ ನಡಾವಳಿ ಸಿದ್ಧಪಡಿಸುವ ಎ.ಐ. ಒಂದನ್ನು ಮೇಜಿನ ಮಧ್ಯೆ ಇಟ್ಟ. ಸಂಜೆಗೆ ನಡಾವಳಿ ಬಂತು, ಅಚ್ಚುಕಟ್ಟಾಗಿತ್ತು. ಮೊದಲ ವಿಷಯ, ಬೋಂಡ ತರಿಸುವುದೋ ಮದ್ದೂರು ವಡೆಯೋ. ಬಹುಮತ ವಡೆಯ ಕಡೆ. ಎರಡನೆಯದು, ಸಾಹೇಬರ ಮಗಳ ಸಿಇಟಿ ರ‍್ಯಾಂಕು ಮತ್ತು ಮೈಸೂರಿನಲ್ಲಿ ಹಾಸ್ಟೆಲ್ ಸಿಗುವ ಬಗೆ. ಬಾಕಿ ಕಡತಗಳ ವಿಲೇವಾರಿ ಕೊನೆಯಲ್ಲಿ, ಎರಡು ಸಾಲು. ಸಾಹೇಬರು ಕನ್ನಡಕ ತೆಗೆದು, ಹಾಕಿ, ಇನ್ನೊಮ್ಮೆ ಓದಿ ನನ್ನನ್ನು ಕರೆದರು. ‘ಇದನ್ನ ಅಳ್ಸಿಬಿಡಿ ಮಾರಾಯ್ರೆ. ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಯಿತು ಅಂತ ಎಂದಿನ ಹಾಗೆ ನೀವೇ ಟೈಪ್ ಮಾಡಿ’ ಎಂದರು.